ರಾಜನ ಹಣೆಯ ಕುಂಕುಮ

ಇಟಲಿಯ ರಾಜನ ಹಣೆಗೆ ಕುಂಕುಮ ಇಟ್ಟವಳು ನನ್ನ ಅವ್ವ ಕಾಶಮ್ಮ. ಹೋದ ವರ್ಷದ ಆಯುಧಪೂಜೆಯ ದಿನ.

ಭದ್ರಾವತಿಯಲ್ಲಿ ನನ್ನದು ಲೇತ್ ಅಂಗಡಿ. ಇಟಲಿಯಲ್ಲಿ ರಾಜರಿದ್ದ ಕಾಲದ ಅಂಚೆಚೀಟಿ ಕೂಡಿಡುವುದು ನನ್ನ ಹುಚ್ಚು. ಗಾಂಧಿ ಬಜಾರಿನ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಹಳೆಯ ಲಕೋಟೆಯಿಂದ ಶುರುವಾದದ್ದು, ಇಪ್ಪತ್ತೆರಡು ವರ್ಷದಲ್ಲಿ ಮುನ್ನೂರು ದಾಟಿದೆ. ಮನೆಯಲ್ಲಿ ತೇವ ಅಂತ ಆಲ್ಬಮ್ಮನ್ನು ಅಂಗಡಿಯ ಕಬ್ಬಿಣದ ಬೀರುವಿನಲ್ಲೇ ಇಡುತ್ತೇನೆ.

ಪೂಜೆಯ ದಿನ ಅವ್ವ ಲೇತಿಗೆ, ಗ್ರೈಂಡರಿಗೆ, ಸ್ಪ್ಯಾನರುಗಳಿಗೆಲ್ಲ ಕುಂಕುಮ ಹಚ್ಚುತ್ತಾ ಬಂದು ಆಲ್ಬಮ್ಮನ್ನೂ ತೆರೆದಳು. ಮೊದಲ ಪುಟದಲ್ಲಿ 1908ರ ನೀಲಿ ಚೀಟಿ, ಮೀಸೆಯ ರಾಜ. ಸಣ್ಣ ಸಾಮಾನಿಗೆ ಅವಳು ಬೆಂಕಿಕಡ್ಡಿಯ ತುದಿಯಲ್ಲಿ ಬೊಟ್ಟು ಇಡುತ್ತಾಳೆ. ಕಲಸಿದ ಕುಂಕುಮ ಸರಿಯಾಗಿ ರಾಜನ ಹಣೆಗೇ ಇಳಿಯಿತು.

ಕೆಲಸದವರ ಮುಂದೆಯೇ ಬೈದೆ. ಬೈಯಬಾರದಿತ್ತು. ಅವತ್ತಿನಿಂದ ಅವಳು ಆ ಬೀರುವಿನ ಹತ್ತಿರ ಸುಳಿದಿಲ್ಲ.

ಅದಕ್ಕೇ ಈ ಸಲ ಶಿವಮೊಗ್ಗದ ಅಂಚೆಚೀಟಿ ಪ್ರದರ್ಶನದ ಸ್ಪರ್ಧೆಗೆ ಅದೇ ಚೀಟಿಯನ್ನು ಮೊದಲಿಟ್ಟು ಒಂದು ಫ್ರೇಮಿಗೆ ಹದಿನಾರು ಹಾಳೆ ಜೋಡಿಸಿದೆ. ಅವಳನ್ನೂ ಬಸ್ಸು ಹತ್ತಿಸಿಕೊಂಡು ಬಂದೆ.

ಪ್ರದರ್ಶನದ ಕಾರ್ಯದರ್ಶಿ ಶಿವಕುಮಾರ್ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು.

“ಏನ್ರೀ ಶಿವಯೋಗಪ್ಪ, ಇದು ಅಂಚೆಚೀಟಿನಾ, ದೇವರ ಪಟಾನಾ? ಮೊದಲ್ನೇ ಹಾಳೆ ತೆಗೀರಿ. ಇಲ್ಲಾಂದ್ರೆ ನಿಮ್ಮ ಫ್ರೇಮೇ ಸ್ಪರ್ಧೆಗಿಲ್ಲ.”

“ತೆಗೆಯಲ್ಲ.”

“ಹಾಳಾದ ಮಾಲು ಮಾರಾಯ್ರೆ! ಯಾರು ಮಾಡಿದ್ದು ಈ ಘನಂದಾರಿ ಕೆಲಸ?”

ಹಿಂದೆ ನಿಂತಿದ್ದ ಅವ್ವ ಸೆರಗು ಸರಿಮಾಡಿಕೊಂಡಳು. “ನಾನೇ ಕಣಪ್ಪ. ಗೊತ್ತಾಗ್ಲಿಲ್ಲ. ತೆಗಿಯೋ ಮಗ, ನನ್ನಿಂದ ನಿನಗ್ಯಾಕೆ ಅವಮಾನ?”

ನನಗೆ ಪಿತ್ತ ನೆತ್ತಿಗೇರಿತು. ಅರ್ಧ ಆ ಮನುಷ್ಯನ ಮೇಲೆ, ಅರ್ಧ ನನ್ನ ಮೇಲೆ.

“ಕೇಳಿ ಸಾರ್. ಈ ರಾಜನ ಮನೆತನಾನ 1946ರಲ್ಲಿ ಅಲ್ಲಿನ ಜನಾನೇ ಓಟು ಹಾಕಿ ಕಳಿಸಿಬಿಟ್ರು. ಆಮೇಲೆ ಇವನಿಗೆ ಒಂದು ಬೊಟ್ಟು ಇಟ್ಟವರು ಯಾರಾದ್ರೂ ಇದ್ರೆ ಅದು ನಮ್ಮವ್ವ ಒಬ್ಬಳೇ. ನಿಮ್ಮ ಸ್ಪರ್ಧೆ ನೀವೇ ಇಟ್ಕೊಳ್ಳಿ. ಹಾಳೆ ಇಲ್ಲಿಂದ ಅಲ್ಲಾಡಲ್ಲ.”

“ನೋಡಿದವರು ನಗ್ತಾರೆ ಕಣ್ರೀ.”

“ನಗ್ಲಿ. ನಾನೂ ಇಲ್ಲೇ ನಿಂತಿರ್ತೀನಿ. ಯಾರು ನಗ್ತಾರೆ ನೋಡೇಬಿಡೋಣ.”

ಫ್ರೇಮಿಗೆ ಅಂಟಿಸಿದ್ದ ಸ್ಪರ್ಧೆಯ ನಂಬರು ಕಿತ್ತು ಅವರ ಕೈಗಿಟ್ಟೆ. ಜೇಬಿನ ಪೆನ್ನು ತೆಗೆದು ನೀಲಿ ಚೀಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: ‘ಇಟಲಿ, 1908. ಹಣೆಯ ಕುಂಕುಮ ನನ್ನ ಅವ್ವ ಕಾಶಮ್ಮ ಇಟ್ಟದ್ದು. ಭದ್ರಾವತಿ, ಆಯುಧಪೂಜೆ.’

ಅವ್ವ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕಣ್ಣು ಒರೆಸಿಕೊಳ್ಳುತ್ತಾಳೆ ಅಂದುಕೊಂಡೆ. ಎಲ್ಲಿ ಬಂತು! ಸೊಂಟಕ್ಕೆ ಕೈಯಿಟ್ಟು ನನ್ನತ್ತ ತಿರುಗಿದಳು.

“ಊರು ಹಾಕಿದ್ದೀಯ, ಹೆಸರು ಹಾಕಿದ್ದೀಯ. ಬೆಂಕಿಕಡ್ಡೀಲಿ ಇಟ್ಟಿದ್ದು ಅಂತ ಹಾಕ್ಲೇ ಇಲ್ವಲ್ಲೋ? ಬೆರಳಲ್ಲಿ ಒತ್ತಿದ್ಳು ಅಂದ್ಕೊಳ್ತಾರೆ ಜನ. ನಾನೇನು ಅಷ್ಟು ದಡ್ಡಿನಾ?”

ಶಿವಕುಮಾರ್ ನೋಡುತ್ತಿದ್ದ ಹಾಗೆಯೇ ಅದನ್ನೂ ಬರೆದೆ.