ಅಡುಗೆಮನೆ ಬಾಗಿಲಿನ ಗೀಟುಗಳು

ಸುಳ್ಳು ಹೇಳುವಾಗ ಮಾತ್ರ ನನ್ನ ದನಿ ಸರಿಯಾಗಿ ಹೊರಡುತ್ತದೆ. ಡೈರಿಯಲ್ಲಿ ಇದನ್ನು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದೇನೆ. ಮನೆಯಲ್ಲಿ ಇನ್ನೊಂದು ಚೂರು ಉಪ್ಪು ಬೇಕೆಂದು ಕೇಳಲೂ ತಡವರಿಸುವವಳು, ಇಲ್ಲಿ, ನಾಯಕರ ಸ್ಮಾರಕದ ಮನೆ ತೋರಿಸುತ್ತ, ದಿನಕ್ಕೆ ಆರು ಸಲ, ಇಪ್ಪತ್ತು ಜನರ ಮುಂದೆ, ಹಿಂದಿನ ಸಾಲಿಗೂ ಕೇಳುವಂತೆ ಹೇಳುತ್ತೇನೆ: “ಈ ಗೀಟುಗಳನ್ನು ನೋಡಿ. ನಾಯಕರ ತಾಯಿ ಮಗನ ಎತ್ತರವನ್ನು ವರ್ಷವರ್ಷವೂ ಇಲ್ಲಿ ಗುರುತು ಹಾಕುತ್ತಿದ್ದರು.”

ಅದು ನನ್ನ ಎತ್ತರ. ಗೀಟು ಹಾಕಿದವಳು ನನ್ನಮ್ಮ.

ನಾಯಕರು ಹುಟ್ಟಿದ್ದು ಈ ಮನೆಯಲ್ಲೇ, ಅದು ನಿಜ. ಅವರಿಗೆ ಏಳು ವರ್ಷವಾಗಿದ್ದಾಗ ‘ನಿಮ್ಮಂಥವರು ಈ ಬೀದಿಯಲ್ಲಿರಬಾರದು’ ಎಂದು ಮನೆಮಂದಿಯನ್ನೆಲ್ಲ ಹೊರಗೆ ಹಾಕಿದ್ದೂ ನಿಜ. ಯಾರು ಬೇಕಾದರೂ ಯಾವ ಬೀದಿಯಲ್ಲಾದರೂ ಬಾಡಿಗೆಗಿರಬಹುದು ಎಂಬ ಕಾನೂನು ಬರುವಷ್ಟರಲ್ಲಿ ಅವರು ಅದಕ್ಕಾಗಿ ಹೋರಾಡಿ ಮೂರು ಸಲ ಜೈಲು ಕಂಡಿದ್ದರು. ಆ ಕಾನೂನಿನ ದೆಸೆಯಿಂದಲೇ, ಎಷ್ಟೋ ವರ್ಷಗಳ ಮೇಲೆ, ನಾವು ಇದೇ ಮನೆಗೆ ಬಾಡಿಗೆಗೆ ಬಂದೆವು. ನನಗೆ ಹನ್ನೆರಡು ತುಂಬಿದಾಗ ಮನೆ ಸ್ಮಾರಕವಾಯಿತು. ನಾವು ಖಾಲಿ ಮಾಡಿದೆವು.

ಈಗಿನ ಮೇಲ್ವಿಚಾರಕರು ಆಮೇಲೆ ಬಂದವರು. ಕೆಲಸಕ್ಕೆ ಸೇರಿದ ದಿನ ಅವರಿಗೆ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, “ನೋಡಮ್ಮಾ, ಮಂಚ ಹೊರಗಿಂದ ತಂದಿದ್ದು, ತಟ್ಟೆ ಯಾರೋ ಕೊಟ್ಟಿದ್ದು. ಅಸಲಿ ಅಂತ ಇರೋದು ಈ ಗೀಟು ಒಂದೇ. ಜನ ಬರೋದೇ ಇದರ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಳೋಕೆ,” ಎಂದರು. ತೆರೆದ ಬಾಯಿಂದ “ಹೂಂ ಸಾರ್” ಅಷ್ಟೇ ಬಂತು. ಈ ತಿಂಗಳ ಕೊನೆಗೆ ಕೆಲಸ ಖಾಯಂ ಆಗಬೇಕು. ಅವರ ಒಂದು ಸಹಿ ಬಾಕಿ.

ಇವತ್ತು ಕೊನೆಯ ಸರದಿಯ ಹೊತ್ತಿಗೆ ಪಾದ ಊದಿ ಚಪ್ಪಲಿ ಕಚ್ಚುತ್ತಿತ್ತು. ನೋಡಿದರೆ, ಗುಂಪಿನ ಹಿಂದೆ ಟಿಕೆಟ್ ಹಿಡಿದು ಅಮ್ಮ! ಹೊಲಿಗೆ ಅಂಗಡಿಯಿಂದ ನೇರ ಬಂದಿದ್ದಳು. ಅಳತೆಯ ಟೇಪು ಕತ್ತಿನಲ್ಲೇ ಇತ್ತು.

“ನೀನು ಮಾತಾಡೋದನ್ನ ಒಂದ್ಸಲ ಕೇಳ್ಬೇಕು ಅನ್ನಿಸ್ತು ಕಣೆ,” ಎಂದು ಪಿಸುಗುಟ್ಟಿದಳು. “ನಾನು ಯಾರೋ ಏನೋ ಅಂದ್ಕೊ. ನೀನು ನಿನ್ನ ಕೆಲಸ ಮಾಡು.”

ಗೀಟಿನ ಸಂಗತಿಯನ್ನು ಅವಳಿಗೆ ನಾನು ಹೇಳಿರಲೇ ಇಲ್ಲ.

ಮಂಚ, ತಟ್ಟೆ, ಬರೆಯುವ ಮೇಜು ಮುಗಿದು ಅಡುಗೆಮನೆ ಬಾಗಿಲು ಬಂತು. “ನಾಯಕರ ತಾಯಿ...” ಎಂದು ಬಾಯಿ ತನ್ನಷ್ಟಕ್ಕೆ ಶುರುಮಾಡಿತು. ಅಮ್ಮ ಬಗ್ಗಿ ನೋಡಿದಳು. ಬಟ್ಟೆಯ ಮೇಲೆ ಅವಳು ಹಾಕುವಂಥದೇ ಗುರುತು, ಪ್ರತಿ ಗೀಟಿನ ತುದಿಗೂ ಕತ್ತರಿಯಾಕಾರದ ಒಂದು ಪುಟ್ಟ ಗೀರು. ಅವಳು ನನ್ನ ಮುಖ ನೋಡಲಿಲ್ಲ. ಟೇಪನ್ನು ಮೆಲ್ಲಗೆ ಕತ್ತಿನಿಂದ ತೆಗೆದು, ಸುತ್ತಿ, ಚೀಲದೊಳಗೆ ಅಡಗಿಸಿದಳು.

ನಿವೃತ್ತ ಮೇಷ್ಟ್ರಂತೆ ಕಾಣುವ ಒಬ್ಬರು ಕನ್ನಡಕ ಏರಿಸಿದರು. “ಅಲ್ಲಮ್ಮಾ, ಏಳು ವರ್ಷಕ್ಕೇ ಮನೆ ಬಿಟ್ರು ಅಂದ್ರಿ. ಮೇಲಿನ ಗೀಟು ನನ್ನ ಭುಜಕ್ಕೆ ಬರುತ್ತೆ. ಅದೇನು ಹುಡುಗನೋ, ಏಣಿಯೋ?”

ಎಲ್ಲರೂ ನಕ್ಕರು. ಬಾಗಿಲ ಬಳಿಯಿದ್ದ ಮೇಲ್ವಿಚಾರಕರು, “ಬೆಳೆಯೋ ಸಿರಿ ಮೊಳಕೇಲಿ ಅಂತಾರಲ್ಲ ಮೇಷ್ಟ್ರೇ!” ಎಂದು ತೇಲಿಸಿದರು.

“ನೀವು ಸುಮ್ನಿರಿ ಸ್ವಾಮಿ. ಮಗು ಹೇಳ್ಲಿ.”

ನನಗಿಂತ ಮೊದಲು ಅಮ್ಮ ಬಾಯಿ ಹಾಕಿದಳು: “ದೊಡ್ಡೋರು ಬೇಗ ಬೆಳೀತಾರೆ ಬಿಡಿ ಸಾರ್. ಪಾಪ, ಆ ಹುಡುಗಿ ಬೆಳಗಿಂದ ನಿಂತಿದಾಳೆ.”

ಅರ್ಧ ಅಂಗುಲ ಆಚೀಚೆಯಾದರೂ ಇಡೀ ತೋಳು ಬಿಚ್ಚಿ ಹೊಲಿಯುವವಳು. ಅವಳ ಬಾಯಲ್ಲೂ ಈ ಸುಳ್ಳು ಕೇಳಿದ ಮೇಲೆ ನನಗೆ ಸಾಕಾಗಿಹೋಯಿತು. ಹೇಳಹೊರಟರೆ ದನಿಯೇ ಹೊರಡದು. ಎರಡು ಸಲ ಕೆಮ್ಮಿ, ಮುಂದಿನ ಸಾಲಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದೆ:

“ಅದು ನಾನು ಸಾರ್. ಗೀಟು ಹಾಕಿದ್ದು ನಮ್ಮಮ್ಮ. ಅಗೋ, ಅಲ್ಲಿ ನಿಂತಿದಾಳೆ.”