ಒಂದು ಸುತ್ತು ಹೊಡೆದು ಬರ್ತೀನಿ

ಆ ಜಾಹೀರಾತು ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ನನಗದು ಬಾಯಿಪಾಠ. ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಪುರುಸೊತ್ತಿದ್ದರೆ ನಟಿಸಿಯೂ ತೋರಿಸುತ್ತಾರೆ.

ಇಳಿಜಾರು ರಸ್ತೆ, ಬಸ್ ಸ್ಟಾಪು, ಬೆಳಗಿನ ಬಿಸಿಲು. ಕೈಚೀಲ ಹಿಡಿದ ಹುಡುಗಿಯೊಬ್ಬಳು ಸಾಲಿನಲ್ಲಿ ನಿಂತಿದ್ದಾಳೆ. ನಿಂಬೆಹಣ್ಣಿನ ಬಣ್ಣದ ಪುಟ್ಟ ಕಾರೊಂದು ಬಂದು ನಿಲ್ಲುತ್ತದೆ. ಒಳಗಿದ್ದ ಯುವಕ ಬಾಗಿಲು ತೆರೆದು “ಬರ್ತೀರಾ?” ಎನ್ನುತ್ತಾನೆ. ಹುಡುಗಿ ಗಡಿಯಾರ ನೋಡಿಕೊಂಡು ತಲೆ ಅಲ್ಲಾಡಿಸುತ್ತಾಳೆ. ಅವನು ನಗುತ್ತಾನೆ. “ಸರಿ. ಒಂದು ಸುತ್ತು ಹೊಡೆದು ಬರ್ತೀನಿ.” ಕಾರು ತಿರುವಿನಲ್ಲಿ ಮರೆಯಾಗುತ್ತದೆ. ಬಸ್ಸು ಬರುತ್ತದೆ, ಎಲ್ಲರೂ ಹತ್ತುತ್ತಾರೆ. ಬಸ್ಸು ಹೋದ ಮೇಲೆ ನೋಡಿದರೆ ಹುಡುಗಿ ಅಲ್ಲೇ ನಿಂತಿದ್ದಾಳೆ.

ಅಷ್ಟೇ. ಮೂವತ್ತು ಸೆಕೆಂಡು.

ಆ ಹುಡುಗಿ ನನ್ನ ಅತ್ತೆ.

ಅತ್ತೆ ಆಗ ಕಾರಿನ ಶೋರೂಮಿನಲ್ಲಿ ಟೈಪಿಸ್ಟು. ಬರಬೇಕಿದ್ದ ಮಾಡೆಲ್ ಬರಲಿಲ್ಲವೆಂದು ಇವರನ್ನು ನಿಲ್ಲಿಸಿದರಂತೆ. ಮಾಲೀಕರ ಹೆಂಡತಿಯ ಬೂಟು ತೊಡಿಸಿದರಂತೆ. ಅದು ಎರಡು ಅಳತೆ ದೊಡ್ಡದು. “ಒಂದು ಹೆಜ್ಜೆ ಇಟ್ಟಿದ್ರೆ ಬೂಟು ರಸ್ತೇಲಿ, ನಾನು ಬಸ್ಸಲ್ಲಿ. ಅದಕ್ಕೇ ಹತ್ತಲಿಲ್ಲ. ಜನ ಅದಕ್ಕೆ ಪ್ರೀತಿ ಅಂದ್ರು” ಎನ್ನುತ್ತಾರೆ ಅತ್ತೆ. ಕಾರಿಗಂತೂ ಎಂಜಿನ್ನೇ ಇರಲಿಲ್ಲ. ಪ್ರದರ್ಶನಕ್ಕಿಟ್ಟ ಖಾಲಿ ಡಬ್ಬವನ್ನು ಇಳಿಜಾರಿನಲ್ಲಿ ಬಿಟ್ಟಿದ್ದರು. ತಿರುವಿನಾಚೆ ಆರು ಮಂದಿ ಅದನ್ನು ಹಿಡಿದುಕೊಳ್ಳಲು ಕಾದಿದ್ದರು.

ಅವನು ವಾಪಸ್ ಬಂದನೇ ಇಲ್ಲವೇ ಎಂಬುದರ ಮೇಲೆ ಒಬ್ಬೊಬ್ಬರದು ಒಂದೊಂದು ಕಥೆ. ನಮ್ಮ ಮೇಲಿನ ಮನೆಯ ಟೈಲರ್ ಪ್ರಕಾರ ಪೆಟ್ರೋಲು ಮುಗಿದು ಅವನು ನಡೆದುಕೊಂಡು ಬಂದ, ಇಬ್ಬರೂ ಮುಂದಿನ ಬಸ್ಸು ಹತ್ತಿದರು. ನನ್ನ ಮಾವನವರು ಬದುಕಿದ್ದಷ್ಟು ದಿನವೂ ಒಂದೇ ಉತ್ತರ ಕೊಟ್ಟರು: “ಅವನು ಬರಲಿಲ್ಲ. ಅದಕ್ಕೇ ಇವಳು ನನ್ನ ಮದುವೆಯಾದಳು.” ನನ್ನ ಗಂಡ ಮಾತ್ರ ಚಿಕ್ಕಂದಿನಿಂದ ಊಟಕ್ಕೆ ಕೂತಾಗಲೆಲ್ಲ ಹೊಸ ಮುಂದಿನ ಭಾಗ ಹೇಳುತ್ತಿದ್ದ. ಮನೆಯ ನಿಯಮ ಒಂದೇ, ಮೂವತ್ತು ಸೆಕೆಂಡು ದಾಟಬಾರದು. ಅತ್ತೆ ಗಡಿಯಾರ ಹಿಡಿದು ಕೂರುತ್ತಿದ್ದರು.

ಅವನೇ ಅತ್ತೆಯ ಅರವತ್ತಕ್ಕೆ ಅದೇ ಮಾಡೆಲಿನ ಹಳೆಯ ಕಾರೊಂದನ್ನು ಹುಡುಕಿ ತಂದ. ನಿಂಬೆ ಬಣ್ಣ ಬಳಿಸಿದ. ಪಕ್ಕದಲ್ಲಿ ಕೂತು ನನಗೆ ಓಡಿಸಲು ಕಲಿಸಿದ. ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಬಾಗಿಲಲ್ಲಿ ನಿಂತು “ಒಂದು ಸುತ್ತು ಹೊಡೆದು ಬರ್ತೀನಿ” ಎನ್ನುತ್ತಿದ್ದ.

ಅವತ್ತೂ ಹೇಳಿಯೇ ಹೋಗಿದ್ದ. ಕಚೇರಿಯ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಎದೆಬಡಿತ ನಿಂತಿತು. ಮೂವತ್ತನಾಲ್ಕು ವಯಸ್ಸು.

ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಆಡಿರಲಿಲ್ಲ. ಕಾರಿಗೆ ಟಾರ್ಪಾಲು ಹೊದಿಸಿ ಹನ್ನೊಂದು ತಿಂಗಳಾಗಿತ್ತು. ನಾನು ನೀರು ಸರಬರಾಜು ಕೇಂದ್ರದ ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ, ಸೀಸೆಗಳಲ್ಲಿ ಊರಿನ ನೀರು ಪರೀಕ್ಷಿಸುತ್ತಿದ್ದೆ, ಮನೆಗೆ ಬರುತ್ತಿದ್ದೆ. ಬಿಸಿ ಚಹಾ ನಾಲಿಗೆ ಸುಟ್ಟರೂ ಲೋಟ ಖಾಲಿಯಾದ ಮೇಲೆ ಗೊತ್ತಾಗುತ್ತಿತ್ತು.

ಅಂಥದೊಂದು ಸಂಜೆ ಜಾಹೀರಾತು ಕಂಪನಿಯ ಹೆಂಗಸೊಬ್ಬಳು ದಪ್ಪ ಫೈಲು ಹಿಡಿದು ಬಂದಳು.

“ಮೇಡಂ, ನಲವತ್ತು ವರ್ಷ ಆಯ್ತು. ಕಂಪನಿಯವರು ಅದರ ಮುಂದಿನ ಭಾಗ ಮಾಡಿಸ್ತಿದ್ದಾರೆ. ಅದೇ ಬಸ್ ಸ್ಟಾಪು. ಅದೇ ಥರದ ಕಾರು. ನಿಮ್ಮನ್ನ ಹುಡುಕೋಕೆ ಎರಡು ತಿಂಗಳು ಹಿಡೀತು.”

“ನಾನು ಎಲ್ಲೂ ಹೋಗಿರ್ಲಿಲ್ಲವಲ್ಲ” ಎಂದರು ಅತ್ತೆ.

“ನಮ್ಮ ಯೋಚನೆ ಏನಂದ್ರೆ, ನಿಮ್ಮ ಮೊಮ್ಮಗಳ ಪಾತ್ರದ ಹುಡುಗಿ ಕಾರು ಓಡಿಸ್ತಾಳೆ. ನೀವು ಹಿಂದಿನ ಸೀಟಲ್ಲಿ ಶಾಲು ಹೊದ್ಕೊಂಡು ಕೂತಿರ್ತೀರಿ. ಬಸ್ ಸ್ಟಾಪು ನೋಡಿ ಕಣ್ಣು ಒರೆಸ್ಕೋತೀರಿ.”

“ಕಣ್ಣಿಗೇನಾಗಿದೆ?”

“ಹಾಗಲ್ಲ ಮೇಡಂ, ನೆನಪು...”

“ನೆನಪಿಗೆ ಶಾಲು ಯಾಕಮ್ಮ? ಚಳೀನಾ?”

ಹೆಂಗಸು ನನ್ನ ಕಡೆ ನೋಡಿದಳು. ನಾನು ಬಿಸ್ಕತ್ತಿನ ತಟ್ಟೆ ಮುಂದೆ ಸರಿಸಿದೆ.

“ನಲವತ್ತು ವರ್ಷ ಬಸ್ ಸ್ಟಾಪಲ್ಲಿ ನಿಲ್ಲಿಸಿದ್ರಿ. ಈಗ ಹತ್ತಿಸ್ಕೊಂಡು ಹಿಂದೆ ಕೂರಿಸ್ತೀರಾ? ಓಡಿಸೋದಾದ್ರೆ ನಾನೇ. ಇಲ್ದಿದ್ರೆ ನಾನು ಬರಲ್ಲ.”

“ನಿಮಗೆ ಓಡಿಸೋಕೆ ಬರುತ್ತಾ ಮೇಡಂ?”

“ದಿನಾ ಓಡಿಸ್ತೀನಿ. ಹೊರಗೆ ಕಾರು ನೋಡ್ಲಿಲ್ವಾ?”

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಹೆಂಗಸು ಹೊರಗೆ ಹೋಗಿ ಟಾರ್ಪಾಲು ಎತ್ತಿ ನೋಡಿ, ಹಿಗ್ಗಿ ಹೀರೇಕಾಯಿಯಾಗಿ ಬಂದಳು. ಹದಿನೈದನೇ ದಿನ ಶೂಟಿಂಗ್ ಎಂದಳು. ಹೊರಡುವಾಗ ಬಲು ಮೆತ್ತಗೆ ಸೇರಿಸಿದಳು: “ಅವತ್ತೇನಾದ್ರೂ ಎಡವಟ್ಟಾದ್ರೆ ಗಾಬರಿ ಬೇಡ ಮೇಡಂ. ಹಿಂದಿನ ಸೀಟು ಇದ್ದೇ ಇದೆ. ಶಾಲೂ ತಂದಿರ್ತೀವಿ.”

ಬಾಗಿಲು ಹಾಕಿದ ಮೇಲೆ ಅತ್ತೆ ಹೇಳಿದರು, “ನೀನು ಕಲಿಸ್ತೀಯ.”

“ಅತ್ತೆ, ನಾನು ಆ ಕಾರು ಮುಟ್ಟಿ ಹನ್ನೊಂದು ತಿಂಗಳಾಯ್ತು.”

“ನಾನು ಮುಟ್ಟದೆ ನಲವತ್ತು ವರ್ಷ ಆಯ್ತು. ಯಾರದು ಹೆಚ್ಚು?”

ಎರಡು ದಿನದಲ್ಲಿ ಕಲಿಯುವವರ ಲೈಸೆನ್ಸು ಬಂತು. ಫೋಟೋದಲ್ಲಿ ಅತ್ತೆ ಯಾರಿಗೋ ಸವಾಲು ಹಾಕುವಂತೆ ಕಾಣುತ್ತಿದ್ದರು. ಕಲಿಸಲು ಜಾಗ ಬೇಕಿತ್ತು. ನಮ್ಮ ನೀರಿನ ಕೇಂದ್ರದಲ್ಲಿ ದೊಡ್ಡ ಟ್ಯಾಂಕಿದೆ, ಅದರ ಸುತ್ತ ಉಂಗುರದಂಥ ರಸ್ತೆ. ಸಂಜೆ ಐದರ ಮೇಲೆ ಅಲ್ಲಿ ಕಾಗೆ ಬಿಟ್ಟರೆ ಯಾರೂ ಇಲ್ಲ. ಲಾರಿಗಳಿಗೆಂದು ಬಾಣದ ಗುರುತು ಬರೆದಿದ್ದಾರೆ, ಎಡಕ್ಕೆ ಮಾತ್ರ.

ಟಾರ್ಪಾಲು ತೆಗೆದ ದಿನ ಒಳಗಿನ ವಾಸನೆ ಹಾಗೇ ಇತ್ತು. ನಾನು ಕಿಟಕಿಗಳನ್ನು ಇಳಿಸಿದೆ. ಟ್ಯಾಂಕಿನವರೆಗೆ ನಾನೇ ಓಡಿಸಿದೆ. ಆಮೇಲೆ ಇಳಿದು ಸುತ್ತು ಬಂದು, ಅವನು ಕೂರುತ್ತಿದ್ದ ಕಡೆ ಕೂತೆ.

ಅತ್ತೆ ಒಳ್ಳೆಯ ಶಿಷ್ಯೆಯಲ್ಲ. ಗೇರು ನೋಡುವುದೇ ಇಲ್ಲ. “ಮೂವತ್ತು ವರ್ಷ ಕೀಲಿಮಣೆ ನೋಡದೆ ಟೈಪ್ ಮಾಡಿದವಳು ನಾನು. ಇದರಲ್ಲಿರೋದು ನಾಲ್ಕೇ ಅಕ್ಷರ” ಎಂದರು. ಮೊದಲ ದಿನ ಆ ನಾಲ್ಕರಲ್ಲಿ ಮೂರು ತಪ್ಪಿದರು. ಕ್ಲಚ್ಚು ಬಿಡುವುದಂತೂ ಹಗೆ ತೀರಿಸಿಕೊಂಡ ಹಾಗೆ. ಮೇಲಿನ ಮನೆಯ ಟೈಲರ್ ಒಂದು ಸಂಜೆ ಹಿಂದಿನ ಸೀಟಿನಲ್ಲಿ ಕೂತು ಬಂದ.

“ಅಕ್ಕಾ, ಹೊಲಿಗೆ ಮಿಷಿನ್ ಇದ್ದ ಹಾಗೆ. ಕಾಲು ಮೆಲ್ಲಗೆ ಬಿಡಿ. ಜೋರಾಗಿ ಬಿಟ್ರೆ ದಾರ ಹರಿಯುತ್ತೆ.”

“ನೀನು ಹೊಲಿದ ಕುಪ್ಪಸ ಒಂದೇ ವಾರಕ್ಕೆ ಬಿಚ್ಚಿಕೊಂಡಿತ್ತು. ಸುಮ್ನೆ ಕೂತ್ಕೋ.”

“ಸುಮ್ನೆ ಕೂತಿದೀನಿ ಅಕ್ಕಾ. ಜೀವ ಮಾತ್ರ ಕೂತಿಲ್ಲ.”

ಎಂಟನೇ ದಿನಕ್ಕೆ ಕಾರು ಕುಪ್ಪಳಿಸುವುದು ನಿಂತಿತು. ಹತ್ತನೇ ದಿನ ಅತ್ತೆ ಟ್ಯಾಂಕನ್ನು ಇಪ್ಪತ್ತೆರಡು ಸುತ್ತು ಹಾಕಿದರು. ಒಂದು ಕೈ ಕಿಟಕಿಯ ಮೇಲೆ, ಮೂಗು ಮೇಲಕ್ಕೆ. ಶೂಟಿಂಗಿನ ಹಿಂದಿನ ಸಂಜೆ ಟೈಲರ್ ದೂರ ನಿಂತು ನೋಡಿ, “ಪಾಸು” ಎಂದ.

ಶೂಟಿಂಗಿನ ಬೆಳಿಗ್ಗೆ ಸುತ್ತಲಿನ ನಾಲ್ಕೂ ಬೀದಿಗೆ ಹೊರಗಿನ ವಾಹನ ಬರದಂತೆ ಹಗ್ಗ ಕಟ್ಟಿದ್ದರು. ಬಸ್ ಸ್ಟಾಪಿಗೆ ಹಳೆಯ ಬಣ್ಣ ಬಳಿದಿದ್ದರು. ನಿರ್ದೇಶಕ ಕುತ್ತಿಗೆಗೆ ಸೀಟಿ ಹಾಕಿಕೊಂಡ ಸಣ್ಣ ಮನುಷ್ಯ. ಸೀಮೆಸುಣ್ಣದಲ್ಲಿ ರಸ್ತೆಯ ಮೇಲೆ ಗೆರೆ ಎಳೆದು ಅತ್ತೆಗೆ ವಿವರಿಸಿದ: “ಮೇಲಿಂದ ಬರ್ತೀರಿ. ಸರಿಯಾಗಿ ಈ ಗೆರೆ ಮೇಲೆ ನಿಲ್ಲಿಸ್ತೀರಿ. ಸಾಲಿನ ಮೊದಲ ಹುಡುಗಿಗೆ ‘ಬರ್ತೀಯಾ?’ ಅಂತೀರಿ. ಅವಳು ಹತ್ತುತ್ತಾಳೆ. ಹಿಂದಿಂದ ಬಸ್ಸು ಬರುತ್ತೆ, ಉಳಿದವರು ಹತ್ತುತ್ತಾರೆ. ಮುಗೀತು.”

“ಅಷ್ಟೇನಾ?” ಎಂದರು ಅತ್ತೆ.

ಸಾಲಿಗೆ ಜನ ಸಾಲದೆ ನನ್ನನ್ನೂ ನಿಲ್ಲಿಸಿದರು. ನನ್ನದು ಮೂರನೆಯ ಜಾಗ. ಬಸ್ಸು ಬಂದಾಗ ಹತ್ತುವುದೊಂದೇ ಕೆಲಸ. ಫೈಲಿನ ಹೆಂಗಸು ಕ್ಯಾಮೆರಾದ ಪಕ್ಕ ನಿಂತಿದ್ದಳು. ಅವಳ ತೋಳಿನ ಮೇಲೆ ಮಡಿಸಿದ ಬೂದು ಶಾಲು ಇತ್ತು.

ನಿರ್ದೇಶಕ ಸೀಟಿ ಊದಿದ. ಇಳಿಜಾರಿನ ತುದಿಯಲ್ಲಿ ನಿಂಬೆ ಬಣ್ಣ ಕಾಣಿಸಿತು. ಚೆನ್ನಾಗಿ ಬರುತ್ತಿತ್ತು. ಅತ್ತೆಯ ಮೂಗು ಮೇಲಕ್ಕಿತ್ತು.

ಆಗ ನನಗೆ ಹೊಳೆಯಿತು.

ಟ್ಯಾಂಕಿನ ಹತ್ತಿರ ಹದಿಮೂರು ದಿನವೂ ಕಾರು ನಿಲ್ಲಿಸಿದ್ದು ನಾನು. ಪ್ರತಿ ಸಲ ಕಾರು ನಿಧಾನವಾಗುತ್ತಲೇ ನನ್ನ ಬಲಗೈ ತಾನಾಗಿ ಹೋಗಿ ಮಧ್ಯದ ಹ್ಯಾಂಡ್ ಬ್ರೇಕು ಎಳೆದುಬಿಡುತ್ತಿತ್ತು. ನನಗೆ ಕಲಿಸುವಾಗ ಅವನೂ ಹಾಗೇ ಮಾಡುತ್ತಿದ್ದ. ಕಲಿಸುವುದು ಎಂದರೆ ಅದೇ ಎಂದುಕೊಂಡಿದ್ದೆ. ಎಳೆದೆ ಎನ್ನುವುದೂ ನನ್ನ ಗಮನಕ್ಕೆ ಬಂದಿರಲಿಲ್ಲ. ಅತ್ತೆ ಒಮ್ಮೆಯೂ ತಾವಾಗಿ ಕಾರು ನಿಲ್ಲಿಸಿರಲಿಲ್ಲ. ಅದೂ ಸಮತಟ್ಟು ರಸ್ತೆ. ಇದು ಇಳಿಜಾರು, ಪಕ್ಕದ ಸೀಟು ಖಾಲಿ.

ಕಾರು ಗೆರೆಯ ಹತ್ತಿರ ಬಂತು. ಅತ್ತೆಯ ಮುಖ ನೋಡಿದೆ. ಅವರಿಗೂ ಅದೇ ಕ್ಷಣ ಗೊತ್ತಾಗಿತ್ತು. ಕಣ್ಣು ಪಕ್ಕದ ಸೀಟಿನ ಕಡೆ ಒಮ್ಮೆ ಹೋಗಿ ಬಂತು. ಗೆರೆ ದಾಟಿತು. ಸಾಲಿನ ಮೊದಲ ಹುಡುಗಿ ಬಾಗಿಲು ಹಿಡಿಯಲು ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು:

“ಒಂದು ಸುತ್ತು ಹೊಡೆದು ಬರ್ತೀನಿ!”

ಕಾರು ತಿರುವಿನಲ್ಲಿ ಎಡಕ್ಕೆ ತಿರುಗಿ ಮರೆಯಾಯಿತು.

ನಿರ್ದೇಶಕನ ಬಾಯಿಂದ ಸೀಟಿ ಬಿತ್ತು. “ಎಲ್ಲಿಗೆ ಹೋದ್ರು ಅವರು? ಏನ್ರೀ ಇದು?” ಯಾರೋ ಓಡಿದರು. ಫೈಲಿನ ಹೆಂಗಸು ಶಾಲನ್ನು ಬಿಡಿಸತೊಡಗಿದಳು. ಅಷ್ಟರಲ್ಲಿ, ಮೊದಲೇ ಹೇಳಿಟ್ಟಿದ್ದ ಬಸ್ಸು ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಂತಿತು. ಸಾಲಿನವರು ಹೇಳಿದ ಕೆಲಸ ಮಾಡಿದರು, ಹತ್ತಿದರು. ಮೊದಲ ಹುಡುಗಿಯೂ ಏನು ಮಾಡಬೇಕೆಂದು ತೋಚದೆ ಹತ್ತಿದಳು. ಬಸ್ಸು ಹೊರಟಿತು.

ನಾನು ಹತ್ತಲಿಲ್ಲ. ಹತ್ತಬೇಕೆಂಬುದೇ ಮರೆತುಹೋಗಿತ್ತು. ನಾನು ತಿರುವನ್ನು ನೋಡುತ್ತಿದ್ದೆ.

ಅವರಿಗೆ ಬರುತ್ತಿದ್ದದ್ದು ಎಡಕ್ಕೆ ತಿರುಗುವುದೊಂದೇ. ನಾಲ್ಕು ಸಲ ಎಡಕ್ಕೆ ತಿರುಗಿದರೆ ಮತ್ತೆ ಇದೇ ಇಳಿಜಾರಿನ ತುದಿ. ಮೊದಲನೆಯದು ಆಗಿತ್ತು. ಎರಡನೆಯದು ಅಂಚೆ ಕಚೇರಿಯ ಹತ್ತಿರ. ಮೂರನೆಯದು ಏರು, ಅಲ್ಲಿ ಎರಡನೇ ಗೇರು ಬೇಕು. ನಾನು ಕೈಬೆರಳು ಮಡಿಸಿ ಎಣಿಸುತ್ತಿದ್ದೆ. ನಾಲ್ಕಕ್ಕೆ ಬಂದು ಮತ್ತೆ ಒಂದರಿಂದ ಎಣಿಸಿದೆ. ಹನ್ನೊಂದು ತಿಂಗಳಾಗಿತ್ತು ಇಷ್ಟು ಹೆದರಿ. ಅಲ್ಲ, ಏನಾದರೂ ಒಂದು ಅನಿಸಿ.

ನಾಲ್ಕು ನಿಮಿಷ ಇರಬಹುದು.

ಆಮೇಲೆ ಇಳಿಜಾರಿನ ತುದಿಯಲ್ಲಿ ನಿಂಬೆ ಬಣ್ಣ ಬಂತು. ಎಂಜಿನ್ ಕಿರುಚುತ್ತಿತ್ತು, ಇಡೀ ಸುತ್ತನ್ನು ಮೊದಲ ಗೇರಿನಲ್ಲೇ ಬಂದಿದ್ದರು. ಅತ್ತೆ ಕಾಲಿನಿಂದ ಬ್ರೇಕು ಒತ್ತಿ, ಸಾಲದೆಂದು ಪಕ್ಕದ ಹ್ಯಾಂಡ್ ಬ್ರೇಕನ್ನೂ ತಮ್ಮ ಕೈಯಿಂದಲೇ ಎಳೆದರು. ಕಾರು ಒಮ್ಮೆ ಬಿಕ್ಕಳಿಸಿ, ಗೆರೆಯಿಂದ ಏಳು ಹೆಜ್ಜೆ ಮುಂದೆ, ನನ್ನೆದುರು ನಿಂತಿತು.

ಅತ್ತೆ ಬಗ್ಗಿ ಈ ಕಡೆಯ ಬಾಗಿಲು ತೆರೆದರು. ಹಣೆಯೆಲ್ಲ ಬೆವರು.

“ಬಂದೆನಲ್ಲ. ಅಳ್ತೀಯ ಯಾಕೆ? ಹತ್ತು.”

ಹತ್ತಿದೆ. ನಿರ್ದೇಶಕ ಓಡಿ ಬಂದು ಕಿಟಕಿ ಹಿಡಿದುಕೊಂಡ. ಬೈಯುತ್ತಾನೆಂದುಕೊಂಡೆ.

“ಕ್ಯಾಮೆರಾ ನಿಲ್ಲಿಸೋದೇ ಮರೆತಿತ್ತು ಮೇಡಂ” ಎಂದ. ಅವನ ಕಣ್ಣು ಕೆಂಪಗಿತ್ತು. “ಎಲ್ಲ ಬಂದಿದೆ. ಇವರು ನಿಂತಿದ್ದು, ನೀವು ಬಂದಿದ್ದು. ಇದೇ ಇಟ್ಕೋತೀನಿ. ಇನ್ನೊಮ್ಮೆ ಬೇಡ.”

“ಬೇಕು ಅಂದ್ರೂ ಆಗಲ್ಲ” ಎಂದರು ಅತ್ತೆ. “ಆ ಶಾಲು ಯಾರಿಗಾದ್ರೂ ಕೊಟ್ಟುಬಿಡಮ್ಮ” ಎಂದು ಫೈಲಿನ ಹೆಂಗಸಿಗೆ ಕೂಗಿ ಹೇಳಿದರು.

ಹಗ್ಗ ಬಿಚ್ಚಿದರು. ನಾನು ಜಾಗ ಬದಲಾಯಿಸೋಣವೇ ಎಂದು ಕೇಳಿದೆ.

“ಯಾಕೆ? ದಿನಾ ಓಡಿಸ್ತೀನಿ ಅಂತ ಹೇಳಿದೀನಿ.” ಅತ್ತೆ ಗಾಡಿ ಚಾಲೂ ಮಾಡಿದರು. ನನ್ನ ಬಲಗೈ ನೋಡಿದರು. ಅದು ಆಗಲೇ ಹ್ಯಾಂಡ್ ಬ್ರೇಕಿನ ಮೇಲಿತ್ತು. “ಆ ಕೈ ತೆಗಿ. ಮಡಿಲಲ್ಲಿ ಇಟ್ಕೋ.”

ಇಟ್ಟುಕೊಂಡೆ.

ಮನೆಗೆ ಹೋಗಲು ಬಲಕ್ಕೆ ತಿರುಗಬೇಕಿತ್ತು. ನಾವು ಮೂರು ಸಲ ಎಡಕ್ಕೆ ತಿರುಗಿದೆವು.