ಹಪ್ಪಳದ ಬೀದಿಗೆ ಜನಗಣತಿ ಬಂದ ದಿನ

ಹದಿನಾರು ವರ್ಷದ ಹಿಂದೆ ಜನಗಣತಿಯವರು ಭದ್ರಾವತಿಯ ಆ ಬೀದಿಗೆ ಬಂದಾಗ ಶಾಂತಮ್ಮ ತಾರಸಿಯ ಮೇಲೆ ಹಪ್ಪಳ ಒಣಹಾಕುತ್ತಿದ್ದಳು. ಕೆಳಗೆ ಗಂಡ ಹೊನ್ನಯ್ಯ ಇಡೀ ಮನೆಯ ಪರವಾಗಿ ಉತ್ತರ ಕೊಟ್ಟ. "ನನ್ನದು ಫ್ಯಾಕ್ಟರಿ ಕೆಲಸ. ಇವಳು ಮನೇಲೇ ಇರ್ತಾಳೆ, ಏನೂ ಮಾಡಲ್ಲ" ಎಂದ. ಎಂಥ ಮಾತು ನೋಡಿ. ಅವನು ಹಾಗೆನ್ನುವಾಗ ಅವಳ ಮೊಣಕೈವರೆಗೆ ಉದ್ದಿನ ಹಿಟ್ಟು ಮೆತ್ತಿತ್ತು.

ಸಂಜೆ ವಿಷಯ ಗೊತ್ತಾದಾಗ ಶಾಂತಮ್ಮ ಜಗಳವಾಡಲಿಲ್ಲ. ಮರೆಯಲೂ ಇಲ್ಲ. ಬೆನ್ನು ಬಾಗುವಷ್ಟು ದುಡಿದೂ ದೇಶದ ಲೆಕ್ಕದಲ್ಲಿ ತಾನು ಏನೂ ಮಾಡದವಳು ಎಂಬುದು ಅವಳೊಳಗೆ ಕುದಿಯುತ್ತಲೇ ಇತ್ತು. ಮತ್ತೆ ಗಣತಿ ಬರುತ್ತದೆಂದು ಟೀವಿಯಲ್ಲಿ ಹೇಳಿದ ದಿನವೇ, ಈ ಸಲ ತನ್ನ ಉತ್ತರ ತಾನೇ ಕೊಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಆದರೆ ಗಣತಿಯವರು ಬಂದದ್ದು ಅವಳು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಅಂಗಡಿಯೊಂದಕ್ಕೆ ಹಪ್ಪಳದ ಕಟ್ಟು ಇಳಿಸುತ್ತಿದ್ದಾಗ. ಎದುರುಮನೆಯ ಸತ್ಯಭಾಮಾ ಫೋನ್ ಮಾಡಿದಳು.

"ಶಾಂತಕ್ಕ, ಗಣತಿ ಮೇಡಂ ಬಂದಿದಾರೆ. ನಮ್ಮ ಸಾಲು ಮುಗೀತು. ಇನ್ನು ನಿಮ್ಮ ಸಾಲಿಗೆ ಬರ್ತಾರೆ."

"ನೀನು ಕೆಲಸ ಏನು ಅಂತ ಬರೆಸ್ದೆ?"

"ಇಲ್ಲ ಅಂದೆ. ಇದೆ ಅಂದ್ರೆ ರೇಷನ್ ಕಾರ್ಡ್ ಹೋಗುತ್ತಂತೆ. ಎಲ್ಲರೂ ಹಾಗೇ ಹೇಳಿದ್ವಿ."

ಶಾಂತಮ್ಮನಿಗೆ ಮೈಯೆಲ್ಲ ಉರಿಯಿತು. ಸತ್ಯಭಾಮಾ ಸೇರಿ ಬೀದಿಯ ಆರು ಹೆಂಗಸರು ದಿನವೂ ಅವಳ ಜಗಲಿಯಲ್ಲಿ ಕೂತು ಹಪ್ಪಳ ಲಟ್ಟಿಸುವವರು. ಕಟ್ಟುಗಳನ್ನು ಅಂಗಡಿಯವನ ಕೈಗೆ ಒಪ್ಪಿಸಿ ಬಸ್ ಸ್ಟ್ಯಾಂಡಿಗೆ ಬಿದ್ದಂಬೀಳ ಓಡಿದಳು. ಆ ಬಸ್ಸೋ, ಕೈ ತೋರಿಸಿದವರಿಗೆಲ್ಲ ನಿಲ್ಲುತ್ತ ಹೋಯಿತು. ಸೀಟು ಖಾಲಿಯಿದ್ದರೂ ಶಾಂತಮ್ಮ ಬಾಗಿಲ ಹತ್ತಿರವೇ ನಿಂತಿದ್ದಳು.

ಮನೆಯಲ್ಲಿ, ಗಣತಿಗೆ ಬಂದ ಶಾಲಾ ಶಿಕ್ಷಕಿ ವಿದ್ಯಾಶ್ರೀ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಹೊನ್ನಯ್ಯ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದ.

"ನಾನು ರಿಟೈರ್ಡ್. ನಮ್ಮ ಮನೆಯವಳಿಗೆ ಕೆಲಸ ಏನಿಲ್ಲ ಮೇಡಂ, ಹೌಸ್‌ವೈಫ್."

"ಅದನ್ನ ಅಳಿಸಿ ಮೇಡಂ" ಎಂದಳು ಶಾಂತಮ್ಮ, ಹೊಸಿಲಲ್ಲೇ ಏದುಸಿರು ಬಿಡುತ್ತ. "ನನ್ನದು ಹಪ್ಪಳ ಮಾಡೋ ಕೆಲಸ. ಇಪ್ಪತ್ತೆರಡು ವರ್ಷ ಆಯ್ತು."

"ಅದೂ ಒಂದು ಕೆಲಸವೇನೇ ಮಾರಾಯ್ತಿ?" ಎಂದು ಹೊನ್ನಯ್ಯ ನಕ್ಕ.

"ಮಾರೋದಕ್ಕೆ ಮಾಡಿದ್ರೆ ಕೆಲಸವೇ, ಯಜಮಾನ್ರೇ" ಎಂದಳು ವಿದ್ಯಾಶ್ರೀ. ಶಾಂತಮ್ಮನ ಕಡೆ ತಿರುಗಿ, "ಕೂಲಿ ಕೊಟ್ಟು ಜನ ಇಟ್ಕೊಂಡಿದೀರಾ ಅಮ್ಮಾ?" ಎಂದು ಕೇಳಿದಳು.

"ಆರು ಜನ. ಎಲ್ಲ ಇದೇ ಬೀದಿಯವ್ರು."

"ಬೀದಿಯೆಲ್ಲ ಸುತ್ತಿದೆ, ದುಡಿಯೋ ಹೆಂಗಸು ಒಬ್ಬರೂ ಸಿಗಲಿಲ್ಲವಲ್ಲ ನನಗೆ." ವಿದ್ಯಾಶ್ರೀ ತಿದ್ದಿದಳು. "ನಿಮ್ಮನ್ನ ಮಾಲೀಕರು ಅಂತ ಹಾಕಿದೀನಿ."

ಶಾಂತಮ್ಮ ಅಷ್ಟಕ್ಕೇ ಬಿಡಲಿಲ್ಲ. ಬೀದಿಗಿಳಿದು ಆರು ಬಾಗಿಲು ಬಡಿದು, ಆರೂ ಜನರನ್ನು ಜಗಲಿಗೆ ಕರೆತಂದಳು. ಎಲ್ಲರಿಗೂ ರೇಷನ್ ಕಾರ್ಡಿನದೇ ಭಯ.

"ನೀವು ಹೇಳಿದ್ದನ್ನ ಗುಟ್ಟಾಗಿ ಇಡಬೇಕು ಅಂತ ಕಾನೂನೇ ಇದೆ" ಎಂದಳು ವಿದ್ಯಾಶ್ರೀ. "ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಎಲ್ಲರೂ ಕೆಲಸ ಇಲ್ಲ ಅಂದ್ರೆ, ನಾಳೆ ನೀವು ಶಿಶುವಿಹಾರ ಬೇಕು ಅಂದಾಗ, ಇಲ್ಲಿ ದುಡಿಯೋ ತಾಯಂದಿರು ಎಲ್ಲಿದಾರೆ ಅಂತ ಕೇಳ್ತಾರೆ."

ಸತ್ಯಭಾಮಾ ಸೆರಗಿನಿಂದ ಕೈ ಒರೆಸಿಕೊಂಡಳು. "ನನ್ನದು ತಿದ್ದಿ ಮೇಡಂ. ಹಪ್ಪಳ ಲಟ್ಟಿಸ್ತೀನಿ."

ಅವಳ ಹಿಂದೆಯೇ ಉಳಿದ ಐವರೂ ಬರೆಸಿದರು. ಪ್ರತಿಯೊಂದು ಹೆಸರಿಗೂ ಶಾಂತಮ್ಮನ ಎದೆ ಉಬ್ಬುತ್ತಿತ್ತು. ಅಷ್ಟು ಹೊತ್ತು ಮೂಲೆಯಲ್ಲಿ ಪೇಪರ್ ಹಿಡಿದು ಕೂತಿದ್ದ ಹೊನ್ನಯ್ಯ ಒಂದು ಹಾಳೆಯನ್ನೂ ಮಗುಚಿರಲಿಲ್ಲ.

"ಅಣ್ಣಂದೂ ತಿದ್ದಬೇಕು ಮೇಡಂ" ಎಂದಳು ಸತ್ಯಭಾಮಾ. "ರಿಟೈರ್ ಎಲ್ಲಿ ಆಗಿದಾರೆ? ದಿನಾ ಹಪ್ಪಳ ಎತ್ತಿ ಕಟ್ಟು ಕಟ್ಟೋರು ಇವ್ರೇ."

ಹೆಂಗಸರೆಲ್ಲ ಅವನತ್ತ ತಿರುಗಿದರು. ವಿದ್ಯಾಶ್ರೀ ಗಂಭೀರವಾಗಿಯೇ ಕೇಳಿದಳು. "ಹೌದಾ ಯಜಮಾನ್ರೇ? ಯಾರ ಹತ್ರ ಕೆಲಸ ಅಂತ ಬರೀಲಿ?"

ಹೊನ್ನಯ್ಯ ಪೇಪರ್ ಮಡಚಿಟ್ಟ. ಹೆಂಡತಿಯ ಮುಖವನ್ನೊಮ್ಮೆ ನೋಡಿ, ಕುರ್ಚಿಯಿಂದ ಎದ್ದು ನಿಂತ.

"ಶಾಂತಮ್ಮನವರ ಹತ್ರ" ಎಂದ.